ಆರು ಜನರ ಮನೆಗೆ ಮೋಟಾರ್‌ಹೋಮ್: ಒಳಾಂಗಣ ನೋಡುವ ಮುನ್ನ ಕಾಟಾ ಮತ್ತು ಕಾಗದ ನೋಡಿ

ಪ್ರಶ್ನೆ: ನಾವು ಹುಬ್ಬಳ್ಳಿಯ ವಿದ್ಯಾನಗರದವರು. ನಾನು, ನನ್ನ ಪತಿ, 11 ಮತ್ತು 7 ವರ್ಷದ ಇಬ್ಬರು ಮಕ್ಕಳು, ಅತ್ತೆ, ಮಾವ ಸೇರಿ ಮನೆಯಲ್ಲಿ ಆರು ಜನ. ಅತ್ತೆಯವರಿಗೆ ಮೊಣಕಾಲು ನೋವು ಇದೆ. ದಾರಿಯಲ್ಲಿ ಅವರು ಬಳಸಬಹುದಾದ ಶೌಚಾಲಯ ಸಿಗುವುದಿಲ್ಲವೆಂದು ಎರಡು ವರ್ಷಗಳಿಂದ ದೂರದ ಪ್ರಯಾಣವನ್ನೇ ಬಿಟ್ಟಿದ್ದಾರೆ. ದಸರೆ, ಕ್ರಿಸ್‌ಮಸ್ ಮತ್ತು ಬೇಸಿಗೆ ರಜೆ ಸೇರಿ ವರ್ಷಕ್ಕೆ ಸುಮಾರು 18 ರಾತ್ರಿ ನಾವು ಹೊರಗೆ ಇರುತ್ತೇವೆ. ಬಾದಾಮಿ, ಗೋಕರ್ಣ, ಪಂಢರಪುರ, ಮಂತ್ರಾಲಯದ ಕಡೆಗೆ ಹೋಗುವುದು ಹೆಚ್ಚು. ಪರಿಚಿತರೊಬ್ಬರು 2017ರ ಟೆಂಪೊ ಟ್ರಾವೆಲರ್‌ಅನ್ನು ಆರು ಹಾಸಿಗೆಯ ಮೋಟಾರ್‌ಹೋಮ್ ಆಗಿ ಮಾಡಿಸಿದ್ದು, ಅದನ್ನು 13.5 ಲಕ್ಷಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಹೊಸದಾಗಿ ಕಟ್ಟಿಸಿದರೆ 32 ಲಕ್ಷವಾಗುತ್ತದೆಂದು ಇನ್ನೊಬ್ಬರು ಅಂದಾಜು ಕೊಟ್ಟಿದ್ದಾರೆ. ಯಾವುದನ್ನು ಕೊಳ್ಳಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಆರು ಹಾಸಿಗೆಯ ಮಾತು ಮಾರುವವರದು, ಶೌಚಾಲಯದ ಮಾತು ನಿಮ್ಮದು. ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರೆ ಉತ್ತರ ಅರ್ಧ ಸಿಕ್ಕಂತೆಯೇ. ನಿಮ್ಮ ಕುಟುಂಬಕ್ಕೆ ಬೇಕಾಗಿರುವುದು ಅತ್ತೆಯವರು ಯಾರ ಮುಲಾಜೂ ಇಲ್ಲದೆ ಬಳಸಬಹುದಾದ ಶೌಚಾಲಯ, ಅವರು ನೋವಿಲ್ಲದೆ ಏರಿ ಇಳಿಯಬಹುದಾದ ಮೆಟ್ಟಿಲು ಮತ್ತು ಮನೆಯ ಊಟ. ಆರೂ ಜನ ಒಂದೇ ಗಾಡಿಯಲ್ಲಿ ಮಲಗಬೇಕೆಂಬ ಅಗತ್ಯ ನಿಮ್ಮ ಪತ್ರದಲ್ಲಿ ನನಗೆ ಎಲ್ಲಿಯೂ ಕಾಣಲಿಲ್ಲ. ಹಾಸಿಗೆಗಳ ಸಂಖ್ಯೆ ಹೆಚ್ಚಿದಷ್ಟೂ ಮರ, ಕಬ್ಬಿಣ, ನೀರು, ಬ್ಯಾಟರಿ ಎಲ್ಲವೂ ಹೆಚ್ಚುತ್ತವೆ, ಆ ಭಾರವೆಲ್ಲ ಕೊನೆಗೆ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ ಕೂರುತ್ತದೆ.

ಮೊದಲು ಹಣದ ಲೆಕ್ಕವನ್ನು ಮುಗಿಸಿಬಿಡೋಣ. ಬ್ಯಾಂಕಿನ ಠೇವಣಿಗೆ ವರ್ಷಕ್ಕೆ ಶೇಕಡಾ 7ರಷ್ಟು ಬಡ್ಡಿ ಎಂದು ಹಿಡಿದರೆ, 32 ಲಕ್ಷ ರೂಪಾಯಿಯ ಮೇಲಿನ ಬಡ್ಡಿಯೇ ವರ್ಷಕ್ಕೆ 2,24,000 ಆಗುತ್ತದೆ. ಅದನ್ನು ನಿಮ್ಮ 18 ರಾತ್ರಿಗಳಿಗೆ ಹಂಚಿದರೆ ಒಂದು ರಾತ್ರಿಗೆ 12,400 ರೂಪಾಯಿ ದಾಟುತ್ತದೆ. ಇದರಲ್ಲಿ ಡೀಸೆಲ್, ವಿಮೆ, ಟಯರು, ಸರ್ವಿಸ್ ಯಾವುದೂ ಸೇರಿಲ್ಲ. ಗಾಡಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುವುದೂ ಸೇರಿಲ್ಲ. ಹಳೆಯ ಗಾಡಿಗೆ ಇದೇ ಲೆಕ್ಕ ಹಾಕಿದರೆ ರಾತ್ರಿಗೆ 5,250 ರೂಪಾಯಿ ಬರುತ್ತದೆ. ಬಾದಾಮಿಯಲ್ಲಿಯೋ ಗೋಕರ್ಣದಲ್ಲಿಯೋ ಎರಡು ಒಳ್ಳೆಯ ಕೋಣೆಗಳಿಗೆ ನೀವು ಕೊಡುತ್ತಿರುವ ಬಾಡಿಗೆ ನಿಮಗೇ ಗೊತ್ತಿದೆ. ಆದ್ದರಿಂದ ಹಣ ಉಳಿಸುವುದಕ್ಕಾಗಿ ಮೋಟಾರ್‌ಹೋಮ್ ಕೊಳ್ಳುತ್ತೇವೆ ಎಂಬ ವಿಚಾರವಿದ್ದರೆ ಅದನ್ನು ಇಲ್ಲಿಯೇ ಬಿಡಿ. ಅತ್ತೆಯವರು ಮತ್ತೆ ಮೊಮ್ಮಕ್ಕಳ ಜೊತೆ ಪ್ರವಾಸಕ್ಕೆ ಬರಬೇಕೆಂಬುದಕ್ಕಾಗಿ ಕೊಳ್ಳುವುದಾದರೆ ಅದು ಯೋಗ್ಯವಾದ ಕಾರಣ, ಮುಂದಿನ ಮಾತುಗಳನ್ನು ನಾನು ಆ ಕಾರಣವನ್ನು ಹಿಡಿದೇ ಬರೆಯುತ್ತಿದ್ದೇನೆ.

ಈಗ ಆ 2017ರ ಗಾಡಿಯ ವಿಷಯ. ಅದರ ಒಳಗೆ ಹತ್ತುವ ಮೊದಲು ಆರ್‌ಸಿಯನ್ನು ಕೈಗೆ ತೆಗೆದುಕೊಳ್ಳಿ. ವಾಹನದ ವರ್ಗ, ಬಾಡಿಯ ಬಗೆ, ಆಸನಗಳ ಸಂಖ್ಯೆ, ಖಾಲಿ ತೂಕ, ಭರ್ತಿ ತೂಕ ಎಂಬ ಐದು ಕಲಮುಗಳನ್ನು ಓದಿರಿ. ಅಲ್ಲಿ ಮೋಟಾರ್ ಕ್ಯಾರವಾನ್ ಅಥವಾ ಕ್ಯಾಂಪರ್ ವ್ಯಾನ್ ಎಂದು ಇರಬೇಕು. ಬಸ್ ಎಂದು ಇದ್ದು, ಆಸನ ಹದಿನೇಳು ಎಂದೇ ಉಳಿದಿದ್ದರೆ, ಕಾನೂನಿನ ಕಣ್ಣಿನಲ್ಲಿ ಆ ಗಾಡಿ ಇನ್ನೂ ಹದಿನೇಳು ಆಸನದ ಬಾಡಿಗೆ ಗಾಡಿಯೇ ಹೊರತು ಮೋಟಾರ್‌ಹೋಮ್ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಎತ್ತಿ ಹಿಡಿದಿದೆ. ನಮ್ಮ ಅವಳಿ ನಗರಕ್ಕೆ ಬಾಡಿ ಕಟ್ಟುವ ಕಸುಬು ಹೊಸದಲ್ಲ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಬಸ್ಸುಗಳೇ ತಯಾರಾಗುತ್ತವೆ, ಗೋಕುಲ ರಸ್ತೆಯ ಸುತ್ತ ಒಳ್ಳೆಯ ವೆಲ್ಡರ್‌ಗಳೂ ಬಡಿಗೇರರೂ ಇದ್ದಾರೆ. ಅವರ ಕೈಗುಣದ ಬಗ್ಗೆ ನನಗೆ ಗೌರವವಿದೆ. ಆದರೆ ಕೆಲಸ ಎಷ್ಟೇ ಗಟ್ಟಿಯಾಗಿದ್ದರೂ ಅದು ಅನುಮೋದನೆಯಾಗುವುದಿಲ್ಲ. ಮೋಟಾರ್ ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಪುಣೆಯ ಎಆರ್‌ಎಐನಂತಹ ಪರೀಕ್ಷಾ ಸಂಸ್ಥೆ ಅದರಂತೆ ಪರೀಕ್ಷಿಸಿ ಒಪ್ಪಿದ ಮಾದರಿಯನ್ನು ಮಾತ್ರ ಆರ್‌ಟಿಒ ಕಚೇರಿ ಮೋಟಾರ್ ಕ್ಯಾರವಾನ್ ಎಂದು ನೋಂದಾಯಿಸಬಲ್ಲದು. ಕುರ್ಚಿ ಮತ್ತು ಮೇಜು, ಮಲಗುವ ವ್ಯವಸ್ಥೆ, ಅಡುಗೆಯ ವ್ಯವಸ್ಥೆ, ಸಾಮಾನು ಇಡುವ ಜಾಗ ಇವೆಲ್ಲ ಗಾಡಿಗೆ ಭದ್ರವಾಗಿ ಜೋಡಣೆಯಾಗಿರಬೇಕು, ಮೇಜು ಮಾತ್ರ ಬಿಚ್ಚುವಂತಿರಬಹುದು ಎಂಬುದು ಕ್ಯಾರವಾನ್ ಎನ್ನಿಸಿಕೊಳ್ಳಲು ಇರುವ ನಿಯಮ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅನ್ನು ಕೇಂದ್ರ ಸರ್ಕಾರ 2004ರ ಅಧಿಸೂಚನೆಯಲ್ಲಿಯೇ ಸಾರಿಗೆಯೇತರ ವಾಹನಗಳ ಪಟ್ಟಿಗೆ ಸೇರಿಸಿದೆ. ಎಂದರೆ ಕಾಗದ ಸರಿಯಿದ್ದರೆ ಮಹಾರಾಷ್ಟ್ರದ ಪಂಢರಪುರಕ್ಕೂ ಆಂಧ್ರದ ಮಂತ್ರಾಲಯಕ್ಕೂ ನೀವು ಕಾರಿನಲ್ಲಿ ಹೋದ ಹಾಗೆಯೇ ಪರ್ಮಿಟ್ ಇಲ್ಲದೆ ಹೋಗಿಬರಬಹುದು; ಬಾಡಿಗೆ ಗಾಡಿಯ ನೋಂದಣಿ ಹಾಗೆಯೇ ಉಳಿದಿದ್ದರೆ ಗಡಿಯಲ್ಲಿ ಪರ್ಮಿಟ್, ತೆರಿಗೆ ಎಲ್ಲವನ್ನೂ ಕೇಳುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಮಾರುವವರು ತಾವಾಗಿ ಹೇಳುವುದಿಲ್ಲ. ಆರ್‌ಸಿಯಲ್ಲಿ ಬರೆದ ಖಾಲಿ ತೂಕವು ಕಂಪನಿಯಿಂದ ಬಂದ ಟ್ರಾವೆಲರ್‌ನ ಮೂಲ ತೂಕವೇ ಆಗಿದ್ದು, ಗಾಡಿ ಕಾಟಾದ (ವಾಹನ ತೂಗುವ ವೇಬ್ರಿಡ್ಜ್) ಮೇಲೆ ಅದಕ್ಕಿಂತ ಆರೇಳು ನೂರು ಕಿಲೋ ಹೆಚ್ಚು ತೂಗಿದರೆ, ಒಳಗಿನ ಕೆಲಸ ಆರ್‌ಟಿಒ ಗಮನಕ್ಕೆ ಬಂದೇ ಇಲ್ಲ ಎಂದು ತಿಳಿಯಿರಿ. ಅಂಥ ಗಾಡಿಗೆ ವಿಮೆಯ ಕಂತು ಕಟ್ಟಬಹುದು, ಕಂತನ್ನು ವಿಮಾ ಕಂಪನಿಯವರು ಸ್ವೀಕರಿಸಲೂಬಹುದು; ಆದರೆ ಬೆಂಕಿಯೋ ಅಪಘಾತವೋ ಆದ ದಿನ ಸರ್ವೇಯರ್ ಆರ್‌ಸಿಯನ್ನೂ ಗಾಡಿಯನ್ನೂ ಪಕ್ಕದಲ್ಲಿಟ್ಟು ನೋಡಿದಾಗ ನಿಮ್ಮ ಕ್ಲೇಮು ನಿಲ್ಲುವುದು ಕಷ್ಟ. 13.5 ಲಕ್ಷದ ಗಾಡಿಯನ್ನು ನಾನು ಈ ಒಂದೇ ಕಾರಣಕ್ಕೆ ಬೇಡವೆನ್ನಬಲ್ಲೆ. ಹಾಗೆಯೇ, ಸಾರಿಗೆಯೇತರ ವಾಹನದ ನೋಂದಣಿ 15 ವರ್ಷಕ್ಕೆ ಇರುವುದರಿಂದ, ಕಾಗದ ಎಲ್ಲ ಸರಿಯಿದ್ದರೂ ಈ ಗಾಡಿಯನ್ನು 2032ರಲ್ಲಿ ತಪಾಸಣೆ ಮಾಡಿಸಿ ನವೀಕರಿಸಬೇಕಾಗುತ್ತದೆ ಎಂಬುದನ್ನು ಬೆಲೆ ಮಾತಾಡುವಾಗ ನೆನಪಿನಲ್ಲಿಡಿ. ಹೊಸ ಗಾಡಿ ಕಟ್ಟಿಸುವುದಾದರೆ, ಮುಂಗಡ ಕೊಡುವ ಮುನ್ನವೇ ಆ ಮಾದರಿಯ ಅನುಮೋದನಾ ಪತ್ರದ ಪ್ರತಿಯನ್ನು ಪಡೆದು ಹುಬ್ಬಳ್ಳಿಯ ಕೆಎ-63 ಕಚೇರಿಗೆ ಒಯ್ದು ತೋರಿಸಿ, ಯಾವ ವರ್ಗದಲ್ಲಿ ನೋಂದಣಿಯಾಗುತ್ತದೆ, ತೆರಿಗೆ ಎಷ್ಟಾಗುತ್ತದೆ ಎಂಬುದನ್ನು ಬರಹದಲ್ಲಿ ಕೇಳಿಕೊಳ್ಳಿ. ಚಾಲನಾ ಪರವಾನಗಿಯ ಚಿಂತೆ ಬೇಡ. ಭರ್ತಿ ತೂಕ 7,500 ಕಿಲೋ ಒಳಗಿರುವ ಗಾಡಿಯನ್ನು ನಿಮ್ಮ ಪತಿ ತಮ್ಮ ಲಘು ವಾಹನದ ಪರವಾನಗಿಯಲ್ಲಿಯೇ ಓಡಿಸಬಹುದು.

ಇನ್ನು ತೂಕ. ಹದಿನೇಳು ಜನರನ್ನು ಹೊರುವ ಗಾಡಿ ನಿಮ್ಮ ಆರು ಜನರನ್ನು ಹೊರಲಾರದೇ ಎಂದು ನಿಮಗೆ ಹೇಳಿರುತ್ತಾರೆ. ಆ ಮಾತು ಅರ್ಧ ಸರಿ. ನಾಲ್ವರು ದೊಡ್ಡವರು, ಇಬ್ಬರು ಮಕ್ಕಳು ಸೇರಿ ಸುಮಾರು 320 ಕಿಲೋ. 120 ಲೀಟರ್ ನೀರು ಎಂದರೆ 120 ಕಿಲೋ. ಎಂಟಡಿ ಉದ್ದ, ನಾಲ್ಕಡಿ ಅಗಲ, 18 ಮಿ.ಮೀ. ದಪ್ಪದ ಒಂದು ಪ್ಲೈವುಡ್ ಹಲಗೆ 30 ಕಿಲೋಗಿಂತ ಹೆಚ್ಚು ತೂಗುತ್ತದೆ. ಆರು ಹಾಸಿಗೆ, ಕಪಾಟು, ಅಡುಗೆ ಕಟ್ಟೆಗೆ ಹನ್ನೆರಡು ಹಲಗೆ ಹಿಡಿದರೆ ಅದೇ 380 ಕಿಲೋ ಆಯಿತು. 150 ಆಂಪಿಯರ್ ಅವರ್‌ನ ಎರಡು ಸೀಸದ ಬ್ಯಾಟರಿಗಳಿಗೆ ನೂರು ಕಿಲೋ, ಬಟ್ಟೆ, ಪಾತ್ರೆ, ದಿನಸಿಗೆ ಇನ್ನೊಂದು ನೂರು. ಇಷ್ಟಕ್ಕೇ ಒಂದು ಟನ್ ದಾಟಿತು, ಫ್ರಿಜ್, ಎಸಿ, ಶೌಚಾಲಯ ಇನ್ನೂ ಬಾಕಿ. ಹದಿನೇಳು ಜನರ ಭಾರವೂ ಒಂದು ಟನ್‌ಗೆ ಮೇಲೆಯೇ ಎಂಬುದು ನಿಜ. ಆದರೆ ಆ ಭಾರ ಸಂಜೆಗೆ ಇಳಿದುಹೋಗುತ್ತದೆ, ಗಾಡಿಯ ಉದ್ದಕ್ಕೂ ಸಮನಾಗಿ ಹಂಚಿಕೊಂಡಿರುತ್ತದೆ. ಮೋಟಾರ್‌ಹೋಮಿನ ಭಾರ ವರ್ಷದ 365 ದಿನವೂ ಸ್ಪ್ರಿಂಗ್ ಪಟ್ಟಿಗಳ ಮೇಲೆ ಕುಳಿತಿರುತ್ತದೆ. ಅದರಲ್ಲಿಯೂ ನೀರಿನ ಟ್ಯಾಂಕು, ಶೌಚಾಲಯ, ಹಿಂದಿನ ಹಾಸಿಗೆ ಮೂರೂ ಹಿಂದಿನ ಚಕ್ರಗಳ ಆಚೆಗೆ ಹೋಗಿರುತ್ತವೆ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ನನ್ನ ಮೊದಲ ಗಾಡಿಯನ್ನು ಕಟ್ಟಿಕೊಟ್ಟವರು 150 ಲೀಟರಿನ ಟ್ಯಾಂಕನ್ನು ಹಿಂಬದಿಯ ಬಂಪರಿಗೆ ತಾಗುವಂತೆ ಇಟ್ಟಿದ್ದರು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರದವರೆಗೆ ನನಗೆ ಏನೂ ತಿಳಿಯಲಿಲ್ಲ. ಅರಬೈಲ್ ಘಟ್ಟ ಇಳಿಯುವಾಗ ತಿರುವುಗಳಲ್ಲಿ ಸ್ಟೇರಿಂಗ್ ಹಗುರವಾಗಿ, ಮುಂದಿನ ಚಕ್ರಗಳು ರಸ್ತೆಯನ್ನು ಸರಿಯಾಗಿ ಹಿಡಿಯುತ್ತಿಲ್ಲ ಎನ್ನಿಸತೊಡಗಿತು. ನಾಲ್ಕನೆಯ ತಿರುವಿಗೆ ಬ್ರೇಕ್ ಲೈನರ್ ಸುಟ್ಟ ವಾಸನೆ ಒಳಗೆ ಬಂತು. ಪಕ್ಕದಲ್ಲಿ ಅದಿರಿನ ಲಾರಿಗಳು, ಹಿಂದೆ ಮಲಗಿದ್ದ ಮಕ್ಕಳು. ಎರಡನೆಯ ಗೇರಿನಲ್ಲಿಯೇ ಕೆಳಗಿಳಿದು, ರಾಮನಗುಳಿಯ ಹತ್ತಿರ ಗಾಡಿ ನಿಲ್ಲಿಸಿ ಒಂದು ತಾಸು ಚಕ್ರಗಳನ್ನು ತಣಿಯಲು ಬಿಟ್ಟೆ. ಊರಿಗೆ ಬಂದು ಕಾಟಾಕ್ಕೆ ಹಾಕಿಸಿದಾಗ ಹಿಂದಿನ ಆಕ್ಸಲ್ ಮೇಲೆ 280 ಕಿಲೋ ಹೆಚ್ಚಿಗೆ ಇತ್ತು. ಟ್ಯಾಂಕನ್ನು ಎರಡು ಆಕ್ಸಲ್‌ಗಳ ನಡುವಿಗೆ ತಂದು, 80 ಲೀಟರಿಗೆ ಇಳಿಸಿದ ಮೇಲೆ ಆ ಗಾಡಿ ಬೇರೆಯೇ ಗಾಡಿಯಾಯಿತು.

ಆದ್ದರಿಂದ ನೀವು ನೋಡಲು ಹೋಗುವ ದಿನ ಮಾರುವವರನ್ನು ಅಮರಗೋಳದ ಎಪಿಎಂಸಿ ಕಡೆಯ ಯಾವುದಾದರೂ ಕಾಟಾಕ್ಕೆ ಬರಹೇಳಿ. ನೀರಿನ ಟ್ಯಾಂಕು, ಡೀಸೆಲ್ ಭರ್ತಿ ಇರಲಿ. ಮೊದಲು ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಂದು ಚೀಟಿ, ಇಡೀ ಗಾಡಿಗೆ ಒಂದು ಚೀಟಿ, ಹಿಂದಿನ ಚಕ್ರಗಳಿಗೆ ಮಾತ್ರ ಒಂದು ಚೀಟಿ, ಹೀಗೆ ಮೂರು ಚೀಟಿ ತೆಗೆದುಕೊಳ್ಳಿ. ಭರ್ತಿ ತೂಕದ ಮಿತಿ ಆರ್‌ಸಿಯಲ್ಲಿದೆ, ಆಕ್ಸಲ್‌ಗಳ ಮಿತಿ ತಯಾರಕರ ದಾಖಲೆಯಲ್ಲಿದೆ. ಆ ಮಿತಿಗಳಿಗೂ ನಿಮ್ಮ ಚೀಟಿಗಳಿಗೂ ನಡುವೆ ಕನಿಷ್ಠ 450 ಕಿಲೋ ಉಳಿಯದಿದ್ದರೆ ನಿಮ್ಮ ಆರು ಜನ ಮತ್ತು ಅವರ ಗಂಟುಮೂಟೆಗೆ ಅದರಲ್ಲಿ ಜಾಗವಿಲ್ಲ. ಅಲ್ಲಿಯೇ ಟಯರುಗಳ ಬದಿಯಲ್ಲಿರುವ ನಾಲ್ಕು ಅಂಕಿಯನ್ನೂ ನೋಡಿಬಿಡಿ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟಯರು. ವರ್ಷಕ್ಕೆ ಹದಿನೆಂಟು ರಾತ್ರಿ ಓಡುವ ಗಾಡಿಯಲ್ಲಿ ಟಯರು ಸವೆಯುವ ಮುನ್ನ ಹಳತಾಗುತ್ತದೆ; ಟಯರಿನ ಗೆರೆಗಳು ಇನ್ನೂ ಆಳವಾಗಿವೆ ಎಂಬ ಕಾರಣಕ್ಕೆ ಮೋಸಹೋಗಬೇಡಿ.

ಗಾಡಿ ನೋಡಲು ಅತ್ತೆಯವರನ್ನು ಅವಶ್ಯವಾಗಿ ಕರೆದುಕೊಂಡು ಹೋಗಿರಿ. ನೆಲದಿಂದ ಮೊದಲ ಮೆಟ್ಟಿಲಿಗೆ ಎಷ್ಟು ಎತ್ತರವಿದೆ ಎಂದು ಟೇಪಿನಲ್ಲಿ ಅಳೆಯಿರಿ. ಮನೆಯ ಮೆಟ್ಟಿಲು ಸಾಮಾನ್ಯವಾಗಿ 15ರಿಂದ 18 ಸೆಂ.ಮೀ. ಇರುತ್ತದೆ, ಅದಕ್ಕಿಂತ ಎತ್ತರವಿದ್ದರೆ ಹೊರಗೆ ಚಾಚಿಕೊಳ್ಳುವ ಇನ್ನೊಂದು ಮೆಟ್ಟಿಲು, ಎರಡೂ ಕಡೆ ಹಿಡಿಕೆ ಬೇಕೇ ಬೇಕು. ಆಮೇಲೆ ಶೌಚಾಲಯದೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಕಮೋಡಿನ ಮೇಲೆ ಕುಳಿತು, ಯಾರ ಸಹಾಯವೂ ಇಲ್ಲದೆ ಎದ್ದು ಬರಲು ಅವರಿಗೆ ಹೇಳಿ. ನಾನು ನೋಡಿದ ಹೆಚ್ಚಿನ ಗಾಡಿಗಳಲ್ಲಿ ಮೊಣಕಾಲು ಬಾಗಿಲಿಗೆ ಬಡಿಯುತ್ತದೆ. ಮುಂದಕ್ಕೆ ಬಾಗದೆ ಏಳಲು ಯಾರಿಗೂ ಆಗುವುದಿಲ್ಲ, ಬಾಗಲು ಅಲ್ಲಿ ಜಾಗವಿರುವುದಿಲ್ಲ. ಗಾಡಿಯ ಮಿಕ್ಕೆಲ್ಲ ಚಂದವನ್ನೂ ಈ ಒಂದು ಪರೀಕ್ಷೆಯ ನಂತರ ನೋಡಿದರೆ ಸಾಕು. ಕ್ಯಾಸೆಟ್ ಶೌಚಾಲಯದ, ಎಂದರೆ ಹೊರಕ್ಕೆ ಎಳೆದು ಖಾಲಿ ಮಾಡುವ ಬಗೆಯದರ, ಪೆಟ್ಟಿಗೆ 17ರಿಂದ 20 ಲೀಟರ್ ಹಿಡಿಯುತ್ತದೆ. ಆರೂ ಜನ ಬಳಸಿದರೆ ಒಂದು ದಿನಕ್ಕೆ ತುಂಬಿಹೋಗುತ್ತದೆ. ಅತ್ತೆಯವರಿಗೆ ಮತ್ತು ರಾತ್ರಿಯ ಅವಸರಕ್ಕೆ ಮಾತ್ರ ಎಂದು ಮೀಸಲಿಟ್ಟರೆ ಎರಡು ಮೂರು ದಿನ ಬರುತ್ತದೆ. ಅದನ್ನು ವಸತಿಗೃಹದ ಅಥವಾ ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಕೇಳಿ, ಒಪ್ಪಿಗೆ ಪಡೆದು ಖಾಲಿ ಮಾಡಿ, ಚೆನ್ನಾಗಿ ನೀರು ಹಾಕಿ ತೊಳೆದು ಬರಬೇಕು. ಹಳ್ಳಕ್ಕೋ ಹೊಲದ ಬದುವಿಗೋ ಸುರಿಯುವವರನ್ನು ಕಂಡಿದ್ದೇನೆ. ಅದರಿಂದಲೇ ಊರಿನವರು ಮುಂದಿನ ಗಾಡಿಯನ್ನು ನಿಲ್ಲಗೊಡುವುದಿಲ್ಲ.

ಪ್ರಯಾಣದಲ್ಲಿ ಆರೂ ಜನರಿಗೆ ಮುಂದಕ್ಕೆ ಮುಖವಿರುವ, ಬೆಲ್ಟ್ ಇರುವ ಆಸನ ಇರಬೇಕು. ಗಾಡಿ ಓಡುವಾಗ ಹಾಸಿಗೆಯ ಮೇಲೆ ಯಾರೂ ಮಲಗಬಾರದು, ಅತ್ತೆಯವರೂ ಸಹ. ಕಾಲು ಚಾಚಬೇಕೆನ್ನಿಸಿದರೆ ಗಾಡಿಯನ್ನೇ ಅರ್ಧ ತಾಸು ನಿಲ್ಲಿಸಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಕಡ್ಡಾಯವೆಂದು 2019ರ ತಿದ್ದುಪಡಿಯಲ್ಲಿಯೇ ಇದೆ. ಆರು ಹಾಸಿಗೆ ತುರುಕಿದ ಗಾಡಿಗಳಲ್ಲಿ ಇಂಥ ಆಸನ ನಾಲ್ಕೇ ಉಳಿದಿರುತ್ತವೆ, ಉಳಿದಿಬ್ಬರು ಅಡ್ಡ ಬೆಂಚಿನ ಮೇಲೆ ಕೂರಬೇಕಾಗುತ್ತದೆ.

ವಿದ್ಯುತ್ತಿನ ಬಗ್ಗೆ ಮಾರುವವರು ಹೇಳುವುದನ್ನು ನಂಬುವ ಮುನ್ನ ಒಂದು ಸಣ್ಣ ಲೆಕ್ಕ ಮಾಡಿ. 12.8 ವೋಲ್ಟ್, 200 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ ಹಿಡಿಯುವುದು ಎರಡೂವರೆ ಯೂನಿಟ್ ಚಿಲ್ಲರೆ. ದೀಪ, ಫ್ಯಾನು, ಸಣ್ಣ ಫ್ರಿಜ್, ಮೊಬೈಲುಗಳಿಗೆ ಇಷ್ಟು ಒಂದು ದಿನಕ್ಕೆ ಧಾರಾಳ. ಒಂದು ಟನ್‌ನ ಎಸಿ ಮಾತ್ರ ತಾಸಿಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಬಾದಾಮಿಯ ಬಂಡೆಗಳು ನಡುರಾತ್ರಿಯವರೆಗೂ ಬಿಸಿ ಉಗುಳುವಾಗ ಇಡೀ ರಾತ್ರಿಗೆ ಐದಾರು ಯೂನಿಟ್ ಬೇಕಾಗುತ್ತದೆ. ಎಸಿಗಾಗಿ ಎಂಜಿನ್ ಚಾಲೂ ಇಟ್ಟೋ, ಜನರೇಟರ್ ಹಚ್ಚಿಯೋ ಮಲಗುವುದನ್ನು ಎಂದಿಗೂ ಮಾಡಬೇಡಿ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿಗೆ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತದ್ದು ಜನರೇಟರಿನಿಂದ ಒಳಗೆ ನುಸುಳಿದ ಕಾರ್ಬನ್ ಮೊನಾಕ್ಸೈಡಿನಿಂದ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದೂ ಇಲ್ಲ. ಆ ಅನಿಲವನ್ನು ಗುರುತಿಸಿ ಕೂಗುವ ಸಣ್ಣ ಯಂತ್ರವೊಂದನ್ನು ಹಾಸಿಗೆಯ ಹತ್ತಿರ ಜೋಡಿಸಿ, ಅದಿಲ್ಲದೆ ಗಾಡಿಯಲ್ಲಿ ಒಂದು ರಾತ್ರಿಯೂ ಮಲಗಬೇಡಿ. ಬೇಸಿಗೆಯಲ್ಲಿ ಎಸಿ ಬೇಕೆನ್ನಿಸಿದರೆ ವಸತಿಗೃಹದ ಆವರಣದಲ್ಲಿ ನಿಲ್ಲಿಸಿ, ಅರ್ಥಿಂಗ್ ಇರುವ 15 ಆಂಪಿಯರ್ ಸಾಕೆಟ್‌ನಿಂದ ಕರೆಂಟ್ ತೆಗೆದುಕೊಳ್ಳಿ, ಅವರ ದುಡ್ಡು ಅವರಿಗೆ ಕೊಡಿ. ಇಲ್ಲವಾದರೆ ಬಾದಾಮಿ, ಪಟ್ಟದಕಲ್ಲು, ಲಕ್ಕುಂಡಿಯನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ; ಆಗ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿರುವ ಪಟ್ಟೆತಲೆಯ ಹೆಬ್ಬಾತುಗಳನ್ನೂ ಮಕ್ಕಳು ನೋಡಿದಂತಾಗುತ್ತದೆ.

ಅಡುಗೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು ಇದ್ದರೆ ಮೂರು ಹೊತ್ತಿನಲ್ಲಿ ಒಂದು ಹೊತ್ತು ಒಲೆ ಹಚ್ಚುವುದೇ ಬೇಕಿಲ್ಲ. ಅನ್ನ, ಬೇಳೆ, ಚಹಾಕ್ಕೆ ಐದು ಕಿಲೋದ ಸಣ್ಣ ಸಿಲಿಂಡರು, ಎರಡು ಬರ್ನರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಮೇಲಕ್ಕೆ ಹೋಗದೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆ ಮಲಗುವ ಜಾಗಕ್ಕೆ ಸಂಪೂರ್ಣ ಮುಚ್ಚಿರಬೇಕು, ಅದರ ತಳದಲ್ಲಿ ಹೊರಕ್ಕೆ ತೆರೆಯುವ ರಂಧ್ರವಿರಬೇಕು. ಅಡುಗೆ ಕಟ್ಟೆಯ ಕೆಳಗೆ ಪರದೆ ಎಳೆದು ಸಿಲಿಂಡರ್ ಇಟ್ಟಿದ್ದರೆ ಅಂಥ ಗಾಡಿಯನ್ನು ಅಲ್ಲಿಯೇ ಬಿಟ್ಟು ಬನ್ನಿ.

ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಬಯಲಿಗೆ ನಿಂತ ಗಾಡಿಯ ಚಾವಣಿಯ ಜೋಡುಗಳಲ್ಲಿ ನೀರು ಇಳಿದು, ಒಳಗಿನ ಪ್ಲೈವುಡ್ ಉಬ್ಬುತ್ತದೆ. ಇಲಿಗಳು ವೈರು ಕಡಿಯುತ್ತವೆ. ಹಳೆಯ ಗಾಡಿಯಲ್ಲಿ ಕಿಟಕಿಯ ಕೆಳಗೆ, ಚಾವಣಿಯ ಮೂಲೆಗಳಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಒಳಕ್ಕೆ ಹೋದರೆ ಮರ ಕೊಳೆತಿದೆ ಎಂದರ್ಥ, ಮೇಲೆ ಹೊಸ ಹಾಳೆ ಅಂಟಿಸಿದ್ದರೂ ಬೆರಳಿಗೆ ತಿಳಿಯುತ್ತದೆ.

ಈಗ ನನ್ನ ನೇರವಾದ ಸಲಹೆ. 32 ಲಕ್ಷದ ಗಾಡಿಯನ್ನು ಈ ವರ್ಷ ಕಟ್ಟಿಸಬೇಡಿ. ಹಳೆಯ ಗಾಡಿಯ ಆರ್‌ಸಿಯಲ್ಲಿ ಕ್ಯಾರವಾನ್ ಎಂದಿಲ್ಲದಿದ್ದರೆ ಅದನ್ನೂ ಬಿಡಿ, ಬೆಲೆ ಇಳಿಸಿದರೂ ಬಿಡಿ. ಬೆಂಗಳೂರಿನಿಂದಲೋ ಪುಣೆಯಿಂದಲೋ ಶೌಚಾಲಯವಿರುವ ನಾಲ್ಕು ಹಾಸಿಗೆಯ, ಆರು ಆಸನದ ಗಾಡಿಯನ್ನು ಈ ದಸರೆಗೆ ನಾಲ್ಕು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತೆಗೆದುಕೊಂಡು, ಗದಗ, ಲಕ್ಕುಂಡಿ, ಇಟಗಿ, ಬಾದಾಮಿ ಎಂದು ಹತ್ತಿರದ ಸುತ್ತು ಹಾಕಿ. ರಾತ್ರಿ ಮಾವನವರಿಗೂ ಅತ್ತೆಯವರಿಗೂ ಒಂದು ಕೋಣೆ ಹಿಡಿದು, ನೀವು ನಾಲ್ವರು ಅದೇ ಆವರಣದಲ್ಲಿ ಗಾಡಿಯಲ್ಲಿ ಮಲಗಿರಿ. ಹಗಲಿನ ದಾರಿಯುದ್ದಕ್ಕೂ ಶೌಚಾಲಯ ಅತ್ತೆಯವರ ಜೊತೆಗಿರುತ್ತದೆ, ರಾತ್ರಿಯ ನಿದ್ದೆ ಸಮತಟ್ಟಾದ ಮಂಚದ ಮೇಲಾಗುತ್ತದೆ. ಈ ಏರ್ಪಾಡು ಅವರಿಗೆ ಹಿಡಿಸಿದರೆ, ಆಗ ಇದೇ ಅಳತೆಯ, ಅನುಮೋದನೆ ಇರುವ ಸಣ್ಣ ಗಾಡಿಯನ್ನು ಕೊಳ್ಳುವ ಮಾತು ಆಡಬಹುದು.

ಅಷ್ಟರಲ್ಲಿ ಆ 2017ರ ಗಾಡಿಯ ಬಗ್ಗೆ ಮನಸ್ಸು ಇನ್ನೂ ಎಳೆಯುತ್ತಿದ್ದರೆ, ಆರ್‌ಸಿಯ ಐದು ಕಲಮುಗಳನ್ನೂ ಕಾಟಾದ ಮೂರು ಚೀಟಿಗಳ ಅಂಕಿಗಳನ್ನೂ ನನಗೆ ಬರೆದು ಕಳಿಸಿ. ಒಳಾಂಗಣದ ಫೋಟೊಗಳು ಬೇಡ.